ಅಲ್ಪವಿರಾಮ ನೋಡಿ ಸಂಖ್ಯೆ ಒಡೆಯಬೇಡಿ

ಮಾನ್ಯ ಸಂಪಾದಕರೇ,

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳು ದೊಡ್ಡ ಸಂಖ್ಯೆಯನ್ನು 7, 11, 13ರಿಂದ ಬೇರೆ ಬೇರೆಯಾಗಿ ಭಾಗಿಸುತ್ತ ಕೂರುತ್ತಾರೆ. 7×11×13=1001 ಆದ್ದರಿಂದ ಆರಂಕಿಯ ಸಂಖ್ಯೆಗೆ ಒಂದೇ ವ್ಯವಕಲನ ಸಾಕು: ಮೂರು ಮೂರು ಅಂಕಿಯ ಗುಂಪುಗಳ ವ್ಯತ್ಯಾಸವನ್ನು ಈ ಮೂರರಲ್ಲಿ ಯಾವುದು ಭಾಗಿಸುವುದೋ ಅದೇ ಇಡೀ ಸಂಖ್ಯೆಯನ್ನೂ ಭಾಗಿಸುತ್ತದೆ. ವಿಜಯಪುರದ ಪಿನ್‌ಕೋಡ್ 586101 ತೆಗೆದುಕೊಳ್ಳಿ. ಬಲದಿಂದ ಮೂರು ಮೂರು ಅಂಕಿ ಬಿಡಿಸಿದರೆ 101, 586, ವ್ಯತ್ಯಾಸ 485. ಇದನ್ನು 7, 11, 13 ಯಾವುದೂ ಭಾಗಿಸದು. ಹಾಗಾಗಿ ಪಿನ್‌ಕೋಡನ್ನೂ ಭಾಗಿಸವು.

ಮಕ್ಕಳು ಎಡವುವುದು ಅಲ್ಪವಿರಾಮದಲ್ಲಿ. ನಮ್ಮ ಲಕ್ಷದ ಪದ್ಧತಿಯ 1,00,100 ನೋಡಿ 100−00+1=101 ಮಾಡಿ ‘ಭಾಗವಾಗದು’ ಎನ್ನುತ್ತಾರೆ. ಸರಿಯಾದದ್ದು 100−100=0; ಮೂರೂ ಭಾಗಿಸುತ್ತವೆ! ಶಿಕ್ಷಕರು ಇದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಲೇಬೇಕು.

ಅಂದಹಾಗೆ, 586101=3×79×2473. ಚಿಕ್ಕ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ 79ಕ್ಕೆ ಬರುವ ಹೊತ್ತಿಗೆ ಅದಕ್ಕಿಂತ ಚಿಕ್ಕವನ್ನೆಲ್ಲ ಆಗಲೇ ಪರೀಕ್ಷಿಸಿರುತ್ತೇವೆ. 2473 ಎಂಬುದು 79ರ ವರ್ಗವಾದ 6241ಕ್ಕಿಂತ ಕಡಿಮೆ. ಆದ್ದರಿಂದ ಅದೂ ಅವಿಭಾಜ್ಯವೇ, ಮತ್ತೆ ಭಾಗಿಸಿ ನೋಡಬೇಕಿಲ್ಲ.

— ಗಣಿತ ಶಿಕ್ಷಕರು, ವಿಜಯಪುರ