ಶ್ರೀಪಾದನಿಗೆ, ಮಧ್ಯಾಹ್ನದ ಊಟದ ಬಗ್ಗೆ

ಪ್ರೀತಿಯ ಶ್ರೀಪಾದ,

ವಿನಯಾ, ಲಲಿತತ್ತೆ ಜೊತೆ ಮೇ ತಿಂಗಳಲ್ಲಿ ಪ್ಯಾರಿಸ್‌ಗೆ ಬರ್ತೀವಿ, ದೊಡ್ಡ ಹೆಸರಿನ ಜಾಗ ಯಾವುದೂ ಬೇಡ, ಮಧ್ಯಾಹ್ನ ಆರಾಮಾಗಿ ಕೂತು ಉಣ್ಣೋ ಜಾಗ ಹೇಳು ಅಂತ ಕೇಳಿದ್ದೀಯ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇಲ್ಲಿಗೆ ಬರುವ ನಮ್ಮ ಕಡೆಯವರೆಲ್ಲ ಇದನ್ನೇ ಕೇಳುತ್ತಾರೆ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ನಡುವೆ ನಮ್ಮಿಬ್ಬರಿಗೆ ಮಾತ್ರ ಗೊತ್ತಾಗುವ ಮಾತು ಬಂದರೆ ಉಳಿದವರು ದಾಟಿಕೊಂಡು ಓದಲಿ. ಸೈಕಲ್ ಪಂಪಿನ ವಿಷಯ ಎತ್ತುವುದಿಲ್ಲ, ಹೆದರಬೇಡ.

ನಾನು ಹೋಗುವ ಬಿಸ್ಟ್ರೋ, ಅಂದರೆ ಸಣ್ಣ ಊಟದ ಹೋಟೆಲು, ಪ್ಯಾರಿಸ್‌ನ 11ನೇ ಅರೋಂದಿಸ್‌ಮಾದಲ್ಲಿದೆ (ನಮ್ಮ ವಾರ್ಡ್ ಇದ್ದ ಹಾಗೆ). ಪೇರ್ ಲಾಶೇಸ್ ಸ್ಮಶಾನದಿಂದ ಇಳಿಜಾರಿನಲ್ಲಿ ಕೆಳಗೆ ಬಂದರೆ ಒಂದು ಅಡ್ಡರಸ್ತೆಯಲ್ಲಿ ಸಿಗುತ್ತದೆ. ಒತ್ತೊತ್ತಾಗಿ ಇಟ್ಟ ಸಣ್ಣ ಟೇಬಲ್‌ಗಳು, ಮೇಲೆ ಕಾಗದದ ಹಾಸು, ಬಾಗಿಲ ಹತ್ತಿರ ಸತುವಿನ ತಗಡು ಹೊದಿಸಿದ ಉದ್ದನೆ ಕೌಂಟರ್. ನೋಡುವಂಥದ್ದು ಏನೂ ಇಲ್ಲ. ವಿನಯಾ ಫೋಟೋ ತೆಗೆಯೋಕೆ ಅಂತ ಬಂದರೆ ಅವಳಿಗೆ ನಿರಾಸೆ ಆಗಬಹುದು.

ಮೊದಲು ಹೊತ್ತಿನ ವಿಷಯ. ಇಲ್ಲಿ ಮಧ್ಯಾಹ್ನದ ಊಟ 12ಕ್ಕೆ ಶುರು, 2 ಗಂಟೆ ಹೊತ್ತಿಗೆ ಅಡುಗೆಮನೆ ಬಂದ್. ಎರಡೂವರೆಗೆ ಹೋದರೆ ಕಾಫಿ ಕೊಡುತ್ತಾರೆ, ಊಟ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಪ್ರವಾಸಿಗರ ಬೀದಿಗಳಲ್ಲಿ ದಿನವಿಡೀ ತೆರೆದಿರುವ ಜಾಗಗಳು ಬೇಕಾದಷ್ಟಿವೆ. ಬಾಗಿಲಲ್ಲೇ ಐದಾರು ಭಾಷೆಯ ಮೆನು, ತಿಂಡಿಗಳ ಫೋಟೋ. ಅಲ್ಲಿಗೆ ಹೋಗಬೇಡ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ನಾಲ್ಕೈದು ಸಾಲು ಕಂಡರೆ ಒಳಗೆ ಹೋಗು. ಒಂದು ಗಂಟೆ ಹೊತ್ತಿಗೆ ಅದರಲ್ಲೊಂದು ಸಾಲು ಅಳಿಸಿ ಹೋಗಿರುತ್ತದೆ. ಖಾಲಿಯಾಯಿತು ಅಂತ ಲೆಕ್ಕ. ಬೆಳಗ್ಗೆ ಅಳತೆ ನೋಡಿ ಮಾಡಿದ್ದು, ಮುಗಿಯಿತು.

ಒಳಗೆ ಕಾಲಿಡುತ್ತಲೇ 'ಬೋಂಜೂರ್' ಅನ್ನಬೇಕು. ಅದನ್ನು ಬಿಟ್ಟು ನೇರ ಟೇಬಲ್ ಕೇಳಿದರೆ ಅವರ ಮುಖ ಗಂಟಾಗುತ್ತದೆ. 'ಪ್ಲಾ ದ್ಯು ಜೂರ್' ಅಂದರೆ ಅವತ್ತಿನ ಮುಖ್ಯ ಊಟ. 'ಫಾರ್ಮ್ಯೂಲ್' ಅಂತ ಬರೆದಿದ್ದರೆ ಅದಕ್ಕೆ ಮುಂಚೆ ಒಂದು ಸಣ್ಣ ತಟ್ಟೆಯೋ, ಆಮೇಲೆ ಒಂದು ಸಿಹಿಯೋ ಸೇರುತ್ತದೆ. ನಮ್ಮ ಬೀದಿಯಲ್ಲಿ 20 ಯೂರೋ ಆಸುಪಾಸು. ಬ್ರೆಡ್ಡಿಗೂ ನಲ್ಲಿ ನೀರಿಗೂ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. 1967ರ ಸರ್ಕಾರಿ ಆದೇಶ ಅದು. 'ಕರಾಫ್ ದೋ' ಅಂತಲೇ ಕೇಳು, ಹೂಜಿಯಲ್ಲಿ ನಲ್ಲಿ ನೀರು ಅಂತ ಅರ್ಥ. ಬರೀ ನೀರು ಅಂದರೆ ಬಾಟಲಿ ತಂದಿಟ್ಟು ಬಿಲ್ಲಿಗೆ ಸೇರಿಸಬಹುದು. ಸರ್ವಿಸ್‌ನದ್ದು ಬೆಲೆಯಲ್ಲೇ ಸೇರಿರುತ್ತದೆ, ಅದೂ ಕಾನೂನೇ. ಟಿಪ್ಸ್ ಕೊಡಲೇಬೇಕು ಅಂತ ಇಲ್ಲ. ಮತ್ತೆ, ನೀನಾಗಿ ಕೇಳುವ ತನಕ ಬಿಲ್ಲು ಬರುವುದಿಲ್ಲ. ಮರೆತಿದ್ದಾರೆ ಅಂದುಕೊಳ್ಳಬೇಡ. ಕೇಳದೆ ಬಿಲ್ಲು ತಂದರೆ 'ಇನ್ನು ಏಳಿ' ಅಂದ ಹಾಗೆ.

ಲಲಿತತ್ತೆ ಏನು ತಿನ್ನಬೇಕು ಅನ್ನೋದೇ ನಿನ್ನ ದೊಡ್ಡ ಚಿಂತೆ ಅಲ್ವಾ? ಇಲ್ಲಿ ಸಸ್ಯಾಹಾರ ಅಂದರೆ ಮೀನು ತಿನ್ನುತ್ತೀರಲ್ಲ ಅಂತ ಕೇಳುವವರು ಇನ್ನೂ ಇದ್ದಾರೆ. ಈರುಳ್ಳಿ ಸೂಪ್ ಹೆಸರು ಕೇಳಿ ಮೋಸಹೋಗಬೇಡ, ಸಾಮಾನ್ಯವಾಗಿ ಅದಕ್ಕೆ ದನದ ಮೂಳೆ ಕುದಿಸಿದ ರಸ ಹಾಕುತ್ತಾರೆ. ಕಾಳಿನ ಸಲಾಡ್‌ನಲ್ಲಿ ಹಂದಿಮಾಂಸದ ಸಣ್ಣ ಚೂರು ಇರುತ್ತದೆ, ಬೇಡ ಅಂತ ಮೊದಲೇ ಹೇಳಬೇಕು. ಮೇಕೆ ಹಾಲಿನ ಚೀಸ್ ಬಿಸಿ ಮಾಡಿ ಸೊಪ್ಪಿನ ಮೇಲೆ ಇಟ್ಟುಕೊಡುವುದು ಎಲ್ಲ ಕಡೆ ಸಿಗುತ್ತದೆ, ಆದರೆ ಇಲ್ಲಿನ ಚೀಸ್‌ಗೆ ಹಾಕುವ ಹೆಪ್ಪು ಎಷ್ಟೋ ಸಲ ಕರುವಿನ ಹೊಟ್ಟೆಯಿಂದ ತೆಗೆದದ್ದು. ಲಲಿತತ್ತೆಗೆ ಅದನ್ನು ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ನಾನಾದರೆ ಹೇಳುತ್ತೇನೆ. ಮೊಟ್ಟೆ ಬೇಡ ಅಂದರೆ ಸಿಹಿಯಲ್ಲಿ ಮೂಸ್, ಕ್ರೆಮ್ ಕ್ಯಾರಮೆಲ್ ಎರಡೂ ಹೋದವು. ಹಣ್ಣು ಇಲ್ಲವೇ ಸೋರ್ಬೆ, ಅಂದರೆ ಹಣ್ಣಿನ ರಸದ ಐಸ್, ಕೇಳೋಣ.

ಲಲಿತತ್ತೆಗೆ ನಾನು ತಿನ್ನಿಸಬೇಕು ಅಂತಿರುವುದು ಲೀಕ್. ಈರುಳ್ಳಿ ಜಾತಿಯದ್ದು, ಉದ್ದಕ್ಕೆ ಬಿಳಿ ದಂಟಿನ ಹಾಗಿರುತ್ತದೆ. ಅದನ್ನು ಉಪ್ಪು ನೀರಿನಲ್ಲಿ ಚಾಕು ಸಲೀಸಾಗಿ ಇಳಿಯುವಷ್ಟು ಬೇಯಿಸಿ, ನೀರು ಬಸಿದು, ಇನ್ನೂ ಬೆಚ್ಚಗಿರುವಾಗಲೇ ಸಾಸಿವೆ ಪೇಸ್ಟ್, ಎಣ್ಣೆ, ವಿನೆಗರ್ ಕಲಸಿದ್ದನ್ನು ಸುರಿಯುತ್ತಾರೆ. ಅಷ್ಟೇ. ಬೆಚ್ಚಗಿದ್ದರೆ ಮಾತ್ರ ಅದು ಒಳಗೆಲ್ಲ ಹಿಡಿದುಕೊಳ್ಳುತ್ತದೆ. ತಣ್ಣಗಾದ ಮೇಲೆ ತಂದಿಡುತ್ತಾರೆ. ಕೊನೆಯಲ್ಲಿ ತಟ್ಟೆಗೆ ಅಂಟಿದ ಸಾಸಿವೆಯನ್ನು ಬ್ರೆಡ್ಡಿನ ತುಂಡಿನಲ್ಲಿ ಒರೆಸಿ ಬಾಯಿಗೆ ಹಾಕಿಕೊಳ್ಳಬೇಕು. ನಮ್ಮ ಸಾಸಿವೆ ಬೀಜವನ್ನು ಒಗ್ಗರಣೆಯಲ್ಲಿ ಸಿಡಿಸಿ ತಿಂದವರಿಗೆ ಈ ಘಾಟು ಹೊಸದು, ಮೂಗಿಗೆ ಏರುತ್ತದೆ. ಲಲಿತತ್ತೆಗೆ ಖಂಡಿತ ಇಷ್ಟವಾಗುತ್ತದೆ.

ಮಧ್ಯಾಹ್ನ ಅಲ್ಲಿ ಯಾರು ಯಾರು ಕೂತಿರುತ್ತಾರೆ ಗೊತ್ತಾ? ಗೋಡೆಗೆ ಬಣ್ಣ ಬಳಿಯುವವರು ಬಿಳಿ ಪ್ಯಾಂಟಿನಲ್ಲೇ ಬಂದಿರುತ್ತಾರೆ. ಅಂಚೆಯವರು, ಪಕ್ಕದ ಶಾಲೆಯ ಮೇಷ್ಟ್ರು, ಕಂಪ್ಯೂಟರ್ ಕೆಲಸದವರು. ಸ್ಮಶಾನದಲ್ಲಿ ಕಾರ್ಯ ಮುಗಿಸಿಕೊಂಡು ಕಪ್ಪು ಬಟ್ಟೆಯಲ್ಲಿ ಬರುವ ಕುಟುಂಬಗಳು. ದಿನಾ ಒಬ್ಬರೇ ಬಂದು ಕಿಟಕಿ ಪಕ್ಕ ಕೂರುವ ಒಬ್ಬ ಅಜ್ಜಿ. ಒಬ್ಬರೇ ಊಟಕ್ಕೆ ಬಂದರೆ ಯಾರೂ ಪಾಪ ಅನ್ನುವುದಿಲ್ಲ. ಕೆಲಸದವರಿಗೆ ಕಂಪನಿಯಿಂದ ಊಟದ ಚೀಟಿ ಸಿಗುತ್ತದೆ, ಈಗ ಕಾರ್ಡ್ ಆಗಿದೆ. ಅರ್ಧಕ್ಕಿಂತ ಕಡಿಮೆ ಇಲ್ಲದಷ್ಟು ಪಾಲು ಕಂಪನಿಯದ್ದು, ಉಳಿದದ್ದು ನಮ್ಮದು. ಇನ್ನೊಂದು ಕೇಳು. ಕೆಲಸ ಮಾಡುವ ಜಾಗದಲ್ಲೇ ಊಟ ಮಾಡಬಾರದು ಅಂತ ಇಲ್ಲಿನ ಕಾರ್ಮಿಕ ಕಾನೂನಿನಲ್ಲೇ ಬರೆದಿದೆ. 2021ರಲ್ಲಿ ಕೊರೊನಾ ಕಾರಣಕ್ಕೆ ಅದನ್ನು ಸ್ವಲ್ಪ ಕಾಲ ಸಡಿಲ ಮಾಡಬೇಕಾಯಿತು, ಆಗಲೇ ನನಗೂ ಹೀಗೊಂದು ಕಾನೂನು ಇದೆ ಅಂತ ಗೊತ್ತಾಗಿದ್ದು. ಮೇಜಿನ ಮುಂದೆ ಕೂತು ಡಬ್ಬಿ ಬಿಚ್ಚಿ ಗಬಗಬ ತಿನ್ನುವವರನ್ನು ಎಬ್ಬಿಸಿ ಹೊರಗೆ ಕಳಿಸುವ ಕಾನೂನು! ಪಾಲಿಸದವರು ಬೇಕಾದಷ್ಟು ಜನ ಇದ್ದಾರೆ. ಆದರೂ ಬರೆದಿಟ್ಟಿದ್ದಾರಲ್ಲ, ಅದು ನನಗೆ ದೊಡ್ಡ ವಿಷಯ.

ಬಿಸ್ಟ್ರೋ ನಡೆಸುವ ಮದಾಮ್‌ಗೆ ಅರವತ್ತು ದಾಟಿದೆ. ಅವರ ಅಜ್ಜ ಅವೇರೋನ್ ಜಿಲ್ಲೆಯಿಂದ ಪ್ಯಾರಿಸ್‌ಗೆ ಬಂದವರು. ಫ್ರಾನ್ಸ್‌ನ ದಕ್ಷಿಣ ಭಾಗದ ಗುಡ್ಡಗಾಡು ಅದು, ಪಕ್ಕದ ಸೀಮೆ ಓವೆರ್ನ್. ಬಡ ನೆಲ, ಚಳಿ ಜಾಸ್ತಿ, ಮನೆ ತುಂಬ ಮಕ್ಕಳು. 19ನೇ ಶತಮಾನದಲ್ಲಿ ಆ ಕಡೆಯವರು ಸಾಲು ಸಾಲಾಗಿ ಪ್ಯಾರಿಸ್‌ಗೆ ಬಂದರು. ಮೊದಲು ಮಹಡಿ ಮನೆಗಳಿಗೆ ನೀರು ಹೊತ್ತರು. ಆಮೇಲೆ ಸೌದೆ, ಕಲ್ಲಿದ್ದಲು ಮಾರಿದರು. ಗಂಡ ಮೂಟೆ ಹೊತ್ತು ಹೋದಾಗ ಹೆಂಡತಿ ಅಂಗಡಿಯ ಮೂಲೆಯಲ್ಲಿ ವೈನ್ ಬಗ್ಗಿಸಿ ಕೊಡುತ್ತಿದ್ದಳು. ನಿಧಾನಕ್ಕೆ ಇದ್ದಲು ಹೋಯಿತು, ಕೌಂಟರ್ ಉಳಿಯಿತು. ಒಬ್ಬ ನೆಲೆನಿಂತರೆ ಊರಿಂದ ತಮ್ಮನನ್ನು ಕರೆಸುವುದು, ಆಮೇಲೆ ಭಾವನನ್ನು. ಈಗ ಹೆಸರುವಾಸಿಯಾಗಿರುವ ಬ್ರಾಸರಿ ಲಿಪ್ ಅನ್ನೋ ಪ್ಯಾರಿಸ್ ಹೋಟೆಲನ್ನು 1920ರಲ್ಲಿ ಕೊಂಡು ದೊಡ್ಡದು ಮಾಡಿದ ಮಾರ್ಸೆಲಾಂ ಕಾಜ್ ಕೂಡ ಅವೇರೋನ್‌ನವರೇ.

ಮದಾಮ್ ಇದನ್ನೆಲ್ಲ ಹೇಳುತ್ತಿದ್ದರೆ ನನಗೆ ಕೋಟ, ಕುಂದಾಪುರದ ಕಥೆ ಕೇಳಿದ ಹಾಗಾಗುತ್ತಿತ್ತು. ಪಾರಂಪಳ್ಳಿಯಿಂದ ಬೆಂಗಳೂರಿಗೆ ಹೋದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು ಎಂಟಿಆರ್ ಆಯಿತು. ನಮ್ಮ ಅಪ್ಪಯ್ಯನೂ ಹಾಗೇ ಘಟ್ಟ ಹತ್ತಿ ಸಾಗರಕ್ಕೆ ಬಂದವರು, ಮಾವನ ಹೋಟೆಲಿನಲ್ಲಿ ಲೋಟ ತೊಳೆಯೋಕೆ. ಇದು ನಿನಗೆ ಹೇಳಬೇಕಾಗಿಲ್ಲ. ನಮ್ಮ ಗಲ್ಲಾದ ಪಕ್ಕದ ಸ್ಟೂಲು ನಿನ್ನದೇ ಆಗಿತ್ತಲ್ಲ.

ಹೋದ ತಿಂಗಳು ಒಂದು ಕೆಲಸದ ಮೇಲೆ ಆ ಕಡೆ ಹೋದವನು ಹನ್ನೊಂದು ಗಂಟೆ ದಾಟಿದ್ದಾಗ ಒಳಗೆ ಇಣುಕಿದೆ. ಬಾಗಿಲು ತೆರೆದಿತ್ತು, ಗಿರಾಕಿಗಳು ಯಾರೂ ಇರಲಿಲ್ಲ. ನಡುವಿನ ಎರಡು ಟೇಬಲ್ ಜೋಡಿಸಿಕೊಂಡು ಎಲ್ಲರೂ ಊಟಕ್ಕೆ ಕೂತಿದ್ದರು. ಮದಾಮ್, ಅಡುಗೆಯವರು, ಬಡಿಸುವ ಇಬ್ಬರು, ಪಾತ್ರೆ ತೊಳೆಯುವ ಶ್ರೀಲಂಕಾದ ತಮಿಳು ಹುಡುಗ. ದೊಡ್ಡ ಪಾತ್ರೆಯಲ್ಲಿ ಬೇಯಿಸಿದ ಹಸಿರು ಕಾಳು, ಬ್ರೆಡ್ಡು, ನೀರು. ಆ ಹುಡುಗನ ಮುಂದೆ ಅವನದೇ ಒಂದು ಮೆಣಸಿನ ಪುಡಿ ಬಾಟಲಿ. ಅಡುಗೆಯವರು ಅದನ್ನು ಕೇಳಿ ಇಸಿದುಕೊಂಡು ತಮ್ಮ ತಟ್ಟೆಗೂ ಉದುರಿಸಿಕೊಂಡರು. ಯಾರಿಗೂ ಅವಸರ ಇರಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಎದ್ದು, ಟೇಬಲ್ ಬಿಡಿಸಿ, ಹೊಸ ಕಾಗದ ಹಾಸಿದರು.

ಇದು ಇಲ್ಲಿ ಹೊಸತೇನಲ್ಲ, ಬಹಳ ಕಡೆ ಹೀಗೇ ಮಾಡುತ್ತಾರೆ. ಎಲ್ಲ ಕಡೆ ಇಷ್ಟು ಚೆನ್ನಾಗಿಲ್ಲ ಅನ್ನೋದೂ ಗೊತ್ತು, ಪ್ಯಾರಿಸ್‌ನ ಅಡುಗೆಮನೆ ಕೆಲಸ ಮೈಮುರಿಯುವಂಥದ್ದು. ಆದರೆ ಅವತ್ತು ಮದಾಮ್ ನನ್ನನ್ನು ಕೇಳಿದರು: 'ನಿಮ್ಮ ತಂದೆಯ ಹೋಟೆಲಿನಲ್ಲಿ ನೀವೆಲ್ಲ ಯಾವಾಗ ಉಣ್ಣುತ್ತಿದ್ದಿರಿ?' ಎಲ್ಲ ಮುಗಿದ ಮೇಲೆ, ಮೂರೂವರೆಗೆ ಅಂದೆ. 'ಅಲ್ಲೀತನಕ ಖಾಲಿ ಹೊಟ್ಟೆಯಲ್ಲೇ ಬಡಿಸುತ್ತಿದ್ದಿರಾ?' ಅಂದರು. ಅವರು ತಪ್ಪು ಹುಡುಕೋಕೆ ಕೇಳಿದ್ದಲ್ಲ. ನನಗೆ ಉತ್ತರ ಬರಲಿಲ್ಲ.

ಶ್ರೀಪಾದ, ನೀನು ನೋಡಿದ್ದೀಯ. ಭಟ್ರು, ಸಪ್ಲೈಯರ್‌ಗಳು, ಕ್ಲೀನರ್ ಮಾಣಿಗಳು ಒಲೆಯ ಹಿಂದೆ ನಿಂತುಕೊಂಡೇ ಉಣ್ಣುತ್ತಿದ್ದರು. ಅಪ್ಪಯ್ಯ ಕಡೆಗೆ. ಅದೂ ಗಲ್ಲಾದ ಹಿಂದೆ, ಒಂದು ಕೈಯಲ್ಲಿ ತಟ್ಟೆ, ಒಂದು ಕಣ್ಣು ಬಾಗಿಲ ಕಡೆ. ಉಳಿದಿದ್ದೇ ಊಟ. ಸಾಂಬಾರ್ ಉಳಿದರೆ ಸಾಂಬಾರ್, ಪಲ್ಯ ಮುಗಿದಿದ್ದರೆ ಉಪ್ಪಿನಕಾಯಿ. ಊರಿಗೆಲ್ಲ ಬಡಿಸಿದ ಮನುಷ್ಯ. ತಹಶೀಲ್ದಾರರಿಗೆ ಯಾವ ಚಟ್ನಿ ಬೇಕು, ಬಸ್ ಏಜೆಂಟರ ಕಾಫಿಗೆ ಎಷ್ಟು ಸಕ್ಕರೆ, ಎಲ್ಲ ಬಾಯಿಪಾಠ. ಹೋಟೆಲ್ ಮುಚ್ಚಿ ಮನೆಯಲ್ಲಿದ್ದರೂ ಅವರಿಗೆ ಮೂರೂವರೆಗೇ ಹಸಿವು. ಹೋದ ಸಲ ಊರಿಗೆ ಬಂದಾಗ ಅಮ್ಮ ನಮ್ಮಿಬ್ಬರಿಗೂ ಎಲೆ ಹಾಕಿದಳು. ನಾನು ಸಾರು ಕಲಸುವಷ್ಟರಲ್ಲಿ ಅಪ್ಪಯ್ಯನ ಮಜ್ಜಿಗೆ ಅನ್ನವೂ ಮುಗಿದಿತ್ತು. ಎಲೆ ಮಡಚಿ ಎದ್ದುಬಿಟ್ಟರು. ಕೂತ್ಕೊಳ್ಳಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಇನ್ನೊಬ್ಬರು ಉಂಡು ಮುಗಿಸುವ ತನಕ ಕೂರುವ ಅಭ್ಯಾಸವೇ ಅವರಿಗೆ ಇಲ್ಲ.

ಇಲ್ಲಿ ನಾನು ಗುರುತಿಲ್ಲದವರ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಒಂದು ಗಂಟೆ ಊಟ ಮಾಡುತ್ತೇನೆ. ಕಿಟಕಿ ಪಕ್ಕದ ಅಜ್ಜಿಗೆ ಸಿಹಿಯಲ್ಲಿ ಸೇಬಿನ ಟಾರ್ಟ್ ಬೇಕು, ಕ್ರೀಮ್ ಬೇಡ ಅಂತ ನನಗೆ ಗೊತ್ತು. ನಮ್ಮ ಅಪ್ಪಯ್ಯನಿಗೆ ತಿನ್ನೋದರಲ್ಲಿ ಏನು ಇಷ್ಟ ಅಂತ ನನಗೆ ಗೊತ್ತಿಲ್ಲ ಕಣೋ. ಯೋಚನೆ ಮಾಡಿ ನೋಡಿದೆ. ಅವರು ಇದು ಬೇಕು ಅಂತ ಕೇಳಿದ್ದನ್ನು ಒಂದು ಸಲವೂ ನೋಡಿದ ನೆನಪಿಲ್ಲ. ಅಮ್ಮನನ್ನು ಕೇಳಿದರೆ 'ಅವ್ರಿಗೆ ಎಲ್ಲಾ ಆಗ್ತದೆ' ಅಂದಳು. ಆವತ್ತಿಂದ ಬಿಸ್ಟ್ರೋಗೆ ಹೋದಾಗೆಲ್ಲ ಎದುರಿನ ಕುರ್ಚಿಯಲ್ಲಿ ಅವರನ್ನು ಕೂರಿಸಿ ನೋಡುತ್ತೇನೆ. ಹಲಗೆ ಓದಿ ಹೇಳಿದರೆ ಯಾವುದು ಬೇಕು ಅನ್ನುತ್ತಿದ್ದರು? ಅವರು ವಿಮಾನ ಹತ್ತುವ ಪೈಕಿ ಅಲ್ಲ, ಮಂಡಿ ನೋವು ಬೇರೆ. ಹಾಗಾಗಿ ಇದು ಬರೀ ನನ್ನ ಯೋಚನೆ. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ.

ನೀನು ಶಾಲೆ ಬಿಟ್ಟ ಮೇಲೆ ದಿನಾ ಆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ನಾನು ಕ್ರಿಕೆಟ್ ಅಂತ ಓಡುತ್ತಿದ್ದೆ. ನಿನ್ನ ಹತ್ತಿರ ಅವರು ಜಾಸ್ತಿ ಮಾತಾಡುತ್ತಿದ್ದರು. ಅವರು ಆಸೆಪಟ್ಟು ಏನಾದರೂ ತಿಂದಿದ್ದು ನಿನಗೆ ನೆನಪಿದ್ದರೆ ಬರೆದು ಕಳಿಸು. ಗೋಳಿಬಜೆನೋ, ಹಲಸಿನ ಹಣ್ಣಿನ ಕಡುಬೋ, ಏನಾದರೂ ಸರಿ. ನೆನಪಿಲ್ಲದಿದ್ದರೆ ಒಂದು ದಿನ ಸಂಜೆ ಮನೆಗೆ ಹೋಗಿ ಅವರ ಹತ್ತಿರವೇ ಕೇಳು. ನಾನು ಕೇಳಿದರೆ 'ಎಂತದೂ ಬೇಡ' ಅನ್ನುತ್ತಾರೆ, ನಿನಗೆ ಹೇಳಿಯಾರು.

ಇನ್ನು ನಿಮ್ಮ ಪ್ರಯಾಣದ ವಿಷಯ. ಬಂದ ಮಾರನೇ ದಿನ ಹನ್ನೆರಡೂಕಾಲಕ್ಕೆ ನಾಲ್ಕು ಜನಕ್ಕೆ ಟೇಬಲ್ ಹೇಳಿಡುತ್ತೇನೆ. ಮೇ ತಿಂಗಳಲ್ಲಿ ಇಲ್ಲಿ ರಜೆಗಳು ಜಾಸ್ತಿ, ಆದ್ದರಿಂದ ತಾರೀಕು ಬೇಗ ತಿಳಿಸು. ಕರಿಬೇವು, ಹಸಿಮೆಣಸು ಹೊತ್ತು ತರಬೇಡ, ಇಲ್ಲಿನ ಲಾ ಶಾಪೆಲ್ ಬಡಾವಣೆಯ ತಮಿಳರ ಅಂಗಡಿಗಳಲ್ಲಿ ಎಲ್ಲ ಸಿಗುತ್ತದೆ. ಕಾಫಿಪುಡಿ ಮಾತ್ರ ತಾ, ನಮ್ಮ ಪೇಟೆಯ ಅದೇ ಅಂಗಡಿಯದ್ದು, ಚಿಕೋರಿ ಅಷ್ಟೇ ಪ್ರಮಾಣ. ಒಂದು ಪೊಟ್ಟಣ ಮದಾಮ್‌ಗೂ ಬೇಕು. ನಿನ್ನ ಸೂಟ್‌ಕೇಸಿನಲ್ಲಿ ಜಾಗ ಸಾಲದಿದ್ದರೆ ವಿನಯಾಳ ಕಾಲು ಹಿಡಿ. ಲಲಿತತ್ತೆ ಸೂಟ್‌ಕೇಸಿನ ತಂಟೆಗೆ ಹೋಗಬೇಡ, ಧರ್ಮಸ್ಥಳದ ಟ್ರಿಪ್ಪಿನಲ್ಲಿ ಏನಾಯ್ತು ಅಂತ ಇಬ್ಬರಿಗೂ ನೆನಪಿದೆ.

ನಿನ್ನ,
ರಘು