ಬ್ಯಾಗಿನಲ್ಲಿಟ್ಟ ಪತ್ರ

ಪುಟ್ಟೀ,

ಬೆಳಿಗ್ಗೆ ನೀನು ಸೈನ್ಯದ ತರಬೇತಿಗೆ ಹೊರಡುತ್ತೀಯ. ನನಗೆ ನಿದ್ದೆ ಬರುತ್ತಿಲ್ಲ. ಊಟಕ್ಕೆ ಕೂತಾಗ ಆಡಿದ ಮಾತುಗಳನ್ನು ಮತ್ತೆ ಬರೆಯುವುದಿಲ್ಲ. ಕೂಗಾಡಿದ್ದು ನನ್ನ ತಪ್ಪು. ಹೊರಡುವ ಹಿಂದಿನ ರಾತ್ರಿ ಮಗಳು ಅರ್ಧ ಊಟಕ್ಕೇ ಏಳುವ ಹಾಗೆ ಮಾಡಬಾರದಿತ್ತು.

ಆದರೆ ನೀನು ತೋರಿಸಿದ ಆ ವಿಡಿಯೊ ಕಣ್ಣಿಂದ ಹೋಗುತ್ತಿಲ್ಲ. ಸೆರೆಸಿಕ್ಕ ಹುಡುಗ, ಮಂಡಿಯೂರಿ ಕೂತಿದ್ದ. ಕೈ ಹಿಂದಕ್ಕೆ ಕಟ್ಟಿದ್ದರು. ಎಡಗಾಲಿನ ಬೂಟಿನ ಲೇಸ್ ಬಿಚ್ಚಿತ್ತು, ನೋಡಿದೆಯಾ? ಫೋನ್ ಹಿಡಿದವನು 'ನಿಮ್ಮಮ್ಮನಿಗೆ ಏನಾದರೂ ಹೇಳು' ಅಂತ ನಗುತ್ತಿದ್ದ. ಹುಡುಗ ತಲೆ ಎತ್ತಲಿಲ್ಲ. ಲೇಸನ್ನೇ ನೋಡುತ್ತಿದ್ದ. ಕಟ್ಟಿಕೊಳ್ಳಲು ಕೈ ಇಲ್ಲ. 'ಕೊಲ್ಲೋಕೆ ಬಂದವನಿಗೆ ಮರ್ಯಾದೆ ಬೇರೆ ಕೇಡು' ಅಂದೆ ನೀನು.

1949ರ ಮೂರನೇ ಜಿನೀವಾ ಒಪ್ಪಂದದಲ್ಲಿ 13ನೇ ವಿಧಿ ಅಂತ ಇದೆ. ಯುದ್ಧಕೈದಿಯನ್ನು ಹಿಂಸೆಯಿಂದ, ಅವಮಾನದಿಂದ, ಜನರ ಕುತೂಹಲದಿಂದಲೂ ಕಾಪಾಡಬೇಕು ಅನ್ನುತ್ತದೆ. ಕುತೂಹಲದಿಂದಲೂ! ಸುಮ್ನೆ ಬರೆದ ಮಾತಲ್ಲ ಅದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಸೆರೆಸಿಕ್ಕ ಬ್ರಿಟನ್, ಅಮೆರಿಕದ ಸೈನಿಕರಲ್ಲಿ ಸತ್ತವರು ನೂರಕ್ಕೆ ನಾಲ್ಕರ ಆಸುಪಾಸು. ಅದೇ ಜರ್ಮನಿಗೆ ಸಿಕ್ಕ ಸೋವಿಯತ್ ಸೈನಿಕರು ಸುಮಾರು 57 ಲಕ್ಷ, ಸತ್ತವರು 30 ಲಕ್ಷಕ್ಕೂ ಜಾಸ್ತಿ. 1941ರ ಚಳಿಗಾಲದಲ್ಲಿ ಬಯಲಿಗೆ ಮುಳ್ಳುತಂತಿ ಸುತ್ತಿ ಕೂಡಿಹಾಕಿದರು. ಎಷ್ಟೋ ಕಡೆ ತಲೆ ಮೇಲೆ ಸೂರಿಲ್ಲ, ಹೊಟ್ಟೆಗಿಲ್ಲ. ಯುದ್ಧಕೈದಿಗಳ ಬಗ್ಗೆ ಆಗ ಇದ್ದ 1929ರ ಒಪ್ಪಂದಕ್ಕೆ ಸೋವಿಯತ್ ಒಕ್ಕೂಟ ಸಹಿ ಹಾಕಿಲ್ಲ ಎಂಬ ನೆಪ ಬೇರೆ. ಇವರು ಮನುಷ್ಯರೇ ಅಲ್ಲ ಅಂತ ಕಾವಲಿನವರ ತಲೆಗೆ ಮೊದಲೇ ತುಂಬಿದ್ದರು. ಆ ಕಾವಲಿನವರಲ್ಲಿ ನಿನ್ನ ವಯಸ್ಸಿನವರೂ ಇದ್ದರು ಕಣೇ. ಬದುಕಿ ಊರು ಸೇರಿದ ಕೈದಿಗಳನ್ನೂ ಅವರದೇ ಸರ್ಕಾರ ದ್ರೋಹಿಗಳೇನೋ ಎಂಬಂತೆ ನೋಡಿತು.

ಮತ್ತೆ ಪಾಠ ಶುರು ಮಾಡಿಬಿಟ್ಟೆ, ಅಲ್ವಾ? ಇಷ್ಟು ವರ್ಷ ಇತಿಹಾಸ ಹೇಳಿಕೊಟ್ಟ ಬಾಯಿ.

ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ನಿನಗೆ ಹೇಳಿರಲಿಲ್ಲ.

ನನಗಿರುವುದು ಎರಡು ಭಯ. ಒಂದು, ನೀನು ಆ ಹುಡುಗನ ಜಾಗದಲ್ಲಿ ಕೂರುವುದು. ಕೈದಿಗಳ ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೆ ಕಾರ್ಡ್ ಬರೆಯಲು ಬಿಡಬೇಕು ಎಂಬ ನಿಯಮವಿದೆ. ಮೊದಲ ಮಹಾಯುದ್ಧದಲ್ಲಿ ಜಿನೀವಾದ ರೆಡ್‌ಕ್ರಾಸ್ ಕಚೇರಿಯವರು ಸೆರೆಯಾದವರ, ಕಾಣೆಯಾದವರ ಹೆಸರಲ್ಲಿ ಸುಮಾರು 70 ಲಕ್ಷ ಕಾರ್ಡುಗಳನ್ನು ಜೋಡಿಸಿಟ್ಟು ಮನೆಯವರಿಗೆ ಸುದ್ದಿ ಮುಟ್ಟಿಸುತ್ತಿದ್ದರು. ಕ್ಲಾಸಿನಲ್ಲಿ ಈ ಲೆಕ್ಕ ಹೇಳುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಆ ಕಾರ್ಡಿನಲ್ಲಿ ನಿನ್ನ ಅಕ್ಷರ ಕಾಣುತ್ತದೆ. ಅದರಾಚೆ ಬರೆಯಲಾರೆ.

ಇನ್ನೊಂದು, ನೀನು ಆ ಫೋನ್ ಹಿಡಿದವನ ಜಾಗದಲ್ಲಿ ನಿಲ್ಲುವುದು. ರಾತ್ರಿ ಕೂಗಿದ್ದು ಆ ಭಯಕ್ಕೆ. ಯಾರಾದರೂ ನಿನ್ನ ಕೈಗೆ ಸಿಕ್ಕರೆ ನೀರು ಕೊಡು, ಗಾಯವಿದ್ದರೆ ಡಾಕ್ಟರಿಗೆ ತೋರಿಸು. ಪಕ್ಕದವರು ನಕ್ಕರೂ ಫೋನ್ ತೆಗೆಯಬೇಡ. ತೆಗೆದವರನ್ನು ತಡೆ.

ನಿನ್ನ ಬೂಟಿಗೆ ಇನ್ನೊಂದು ಜೊತೆ ಲೇಸ್ ಬ್ಯಾಗಿನ ಬದಿ ಜೇಬಿನಲ್ಲಿದೆ. ತಲುಪಿದ ತಕ್ಷಣ ಫೋನ್ ಮಾಡು. ಕೋಪ ಇಳಿಯದಿದ್ದರೂ ಮಾಡು.

ನಿನ್ನ ಅಮ್ಮ