ಕರಡು ಯಂತ್ರದ್ದಾಗಲಿ, ಸಹಿ ಮಾಲೀಕರದ್ದೇ

ಮಾನ್ಯ ಸಂಪಾದಕರೇ,

ಸಣ್ಣ ಉದ್ದಿಮೆಗಳ ಲೆಕ್ಕಪತ್ರ ಬರೆದುಕೊಡುವುದು ನನ್ನ ವೃತ್ತಿ. ಕೃತಕ ಬುದ್ಧಿಮತ್ತೆಯ (ಎಐ) ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳು ಒಂದೋ ನೌಕರಿಗಳೆಲ್ಲ ಹೋಗಿಬಿಡುತ್ತವೆ ಎಂದು ಹೆದರಿಸುತ್ತವೆ, ಇಲ್ಲವೇ ಲಾಭ ದುಪ್ಪಟ್ಟಾಗುತ್ತದೆ ಎಂದು ಆಸೆ ಹುಟ್ಟಿಸುತ್ತವೆ. ಹಗಲೆಲ್ಲ ವ್ಯಾಪಾರ ನೋಡಿಕೊಂಡು ರಾತ್ರಿ ಕೂತು ಪತ್ರ, ಬಿಲ್ಲು, ದರಪಟ್ಟಿಗಳನ್ನು ಮುಗಿಸುವ ನಾಲ್ಕೈದು ಮಂದಿಯ ಉದ್ದಿಮೆಗೆ ಇದು ಎಷ್ಟರಮಟ್ಟಿಗೆ ಒದಗುತ್ತದೆ ಎಂಬ ಸಾದಾ ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಂಡಂತೆ ಕಾಣುವುದಿಲ್ಲ. ಎರಡು ವರ್ಷ ಬಳಸಿ ನೋಡಿದ ಮೇಲೆ ನಾನು ಕಂಡುಕೊಂಡ ಅಳತೆಗೋಲು ಒಂದೇ: ಮಾಡಲು ಹೊತ್ತು ಹಿಡಿಯುವ, ಆದರೆ ಮಾಡಿದ್ದು ಸರಿಯೋ ತಪ್ಪೋ ಎಂದು ಮಾಲೀಕರು ಕಣ್ಣಾಡಿಸಿದ ಕೂಡಲೇ ಹೇಳಬಲ್ಲ ಕೆಲಸಗಳನ್ನು ಈ ಯಂತ್ರಕ್ಕೆ, ಅಂದರೆ ಕೇಳಿದ್ದಕ್ಕೆ ಬರೆದು ಉತ್ತರಿಸುವ ಚಾಟ್‌ಬಾಟಿಗೆ, ಧಾರಾಳವಾಗಿ ಒಪ್ಪಿಸಬಹುದು, ತಾಳೆ ನೋಡುವುದಕ್ಕೆ ಮಾಡುವಷ್ಟೇ ಶ್ರಮ ಬೇಕಾದ ಕೆಲಸಗಳನ್ನು ಒಪ್ಪಿಸುವುದರಿಂದ ಏನೂ ಉಳಿತಾಯವಿಲ್ಲ.

ಬಾಕಿ ವಸೂಲಿಯ ಪತ್ರವನ್ನೇ ತೆಗೆದುಕೊಳ್ಳಿ. ಉದ್ದರಿ ಕೊಟ್ಟ ಮಾಲಿನ ಹಣ ಕೇಳುವುದಕ್ಕಿಂತ ಮುಜುಗರದ ಕೆಲಸ ಸಣ್ಣ ಉದ್ಯಮಿಗೆ ಇನ್ನೊಂದಿಲ್ಲ. ಗಟ್ಟಿಯಾಗಿ ಕೇಳಿದರೆ ಗಿರಾಕಿ ಕೈತಪ್ಪುತ್ತಾರೆ, ಮೆತ್ತಗೆ ಕೇಳಿದರೆ ಹಣ ಬರುವುದಿಲ್ಲ, ಈ ಇಕ್ಕಟ್ಟಿನಲ್ಲಿ ಪತ್ರ ಬರೆಯುವುದೇ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತದೆ. ನಾನು ಲೆಕ್ಕ ಬರೆಯುವ ಉದ್ಯಮಿಯೊಬ್ಬರಿಗೆ ಗಡುವು ಮೀರಿ 47 ದಿನಗಳಾಗಿದ್ದ ಒಂದು ಬಿಲ್ಲಿನ ಬಗ್ಗೆ ಇಂಥ ಪತ್ರ ಬೇಕಿತ್ತು. ಬಿಲ್ಲಿನ ತಾರೀಖು, ಮೊತ್ತ, 11 ವರ್ಷಗಳ ವ್ಯವಹಾರ, ಆ ಗಿರಾಕಿ ಹಿಂದೆಂದೂ ತಡಮಾಡಿದವರಲ್ಲ ಎಂಬ ಸಂಗತಿ, ಇಷ್ಟನ್ನು ಹೇಳಿ, ಆರು ಸಾಲು ಮೀರದಂತೆ ಬರೆದುಕೊಡಲು ಯಂತ್ರವನ್ನು ಕೇಳಿದೆವು. ಅರೆ ನಿಮಿಷದಲ್ಲಿ ಬಂದ ಕರಡು ನಯವಾಗಿತ್ತು, ಹೇಳಬೇಕಾದದ್ದನ್ನು ಹೇಳಿಯೂ ಇತ್ತು. ಆದರೆ ಎರಡನೆಯ ಸಾಲಿನಲ್ಲಿ ‘ಕಳೆದ ವಾರ ದೂರವಾಣಿಯಲ್ಲಿ ತಾವು ಭರವಸೆ ಕೊಟ್ಟಂತೆ’ ಎಂಬ ಮಾತು ಸೇರಿಕೊಂಡಿತ್ತು. ಅಂಥ ಕರೆಯನ್ನು ಯಾರೂ ಮಾಡಿರಲಿಲ್ಲ, ಭರವಸೆಯನ್ನು ಯಾರೂ ಕೊಟ್ಟಿರಲಿಲ್ಲ. ಆ ಸಾಲನ್ನು ಹೊಡೆದುಹಾಕಿ ಮಿಕ್ಕಿದ್ದನ್ನು ಹಾಗೆಯೇ ಕಳಿಸಿದೆವು. ಓದದೆ ಕಳಿಸಿದ್ದರೆ 11 ವರ್ಷಗಳ ಗಿರಾಕಿಯನ್ನು ಮಾತಿಗೆ ತಪ್ಪಿದವರೆಂದು ಅಂದಂತಾಗುತ್ತಿತ್ತು.

ಇದು ಯಂತ್ರ ಕೆಟ್ಟದ್ದರಿಂದ ಆದ ತಪ್ಪು ಎಂದುಕೊಳ್ಳಬಾರದು. ಅದರ ರಚನೆಯೇ ಹಾಗಿದೆ. 2022ರ ನವೆಂಬರ್ 30ರಂದು ಬಿಡುಗಡೆಯಾದ ಚಾಟ್‌ಜಿಪಿಟಿಯಾಗಲಿ, ಅದರ ಹಿಂದೆ ಮುಂದೆ ಬಂದ ಇತರ ಭಾಷಾ ಮಾದರಿಗಳಾಗಲಿ, ಅಪಾರ ಬರಹವನ್ನು ಅರೆದು ಕುಡಿದು, ಇಂಥ ಪದಗಳ ಮುಂದೆ ಎಂಥ ಪದ ಬರುವ ಸಂಭವ ಹೆಚ್ಚು ಎಂದು ಅಂದಾಜು ಮಾಡುತ್ತ ಹೋಗುತ್ತವೆ. ವಸೂಲಿಯ ಪತ್ರಗಳಲ್ಲಿ ಹಿಂದಿನ ಫೋನಿನ ಪ್ರಸ್ತಾಪ ಬರುವುದು ವಾಡಿಕೆ, ಆದ್ದರಿಂದ ಅದೂ ಬಂದಿತು. ನಡೆದದ್ದು ಯಾವುದು, ನಡೆದಿರಬಹುದಾದದ್ದು ಯಾವುದು ಎಂಬ ಭೇದ ಅದರ ಬಳಿ ಇಲ್ಲ, ಮಾಲೀಕರ ಬಳಿ ಇದೆ. ಪತ್ರದಂಥ ಕೆಲಸಕ್ಕೆ ಅದು ಹೊಂದುವುದೂ ಇದೇ ಕಾರಣಕ್ಕೆ, ಏಕೆಂದರೆ ಆರು ಸಾಲಿನಲ್ಲಿ ಸುಳ್ಳೊಂದಿದ್ದರೆ ಆ ವ್ಯವಹಾರ ನಡೆಸಿದವರಿಗೆ ಅದು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ.

ಬಿಲ್ಲುಗಳನ್ನು ಲೆಕ್ಕಕ್ಕೆ ಏರಿಸುವುದು ಎರಡನೆಯ ಉಪಯೋಗ, ನನ್ನ ಕಸುಬಿಗೆ ಹತ್ತಿರವಾದದ್ದು. ಸರಬರಾಜುದಾರರ ಬಿಲ್ಲಿನ ಚಿತ್ರ ತೆಗೆದು ಕೊಟ್ಟರೆ, ತಾರೀಖು, ವಸ್ತುವಿನ ಹೆಸರು, ನಗ, ದರ, ತೆರಿಗೆ, ಮೊತ್ತ ಎಂದು ಸಾಲು ಸಾಲಾಗಿ ಕೋಷ್ಟಕ ಮಾಡಿಕೊಡುವ ಸಾಮರ್ಥ್ಯ ಈಗಿನ ಮಾದರಿಗಳಿಗಿದೆ. ಮುದ್ರಿತ ಬಿಲ್ಲಾದರೆ ಬಹುಪಾಲು ಸರಿಯಾಗಿಯೇ ಮಾಡುತ್ತವೆ, ಕೈಬರಹವಾದರೆ, ಅದರಲ್ಲೂ ಕಾರ್ಬನ್ ಪ್ರತಿಯಾದರೆ, ಎಡವುತ್ತವೆ. ಒಮ್ಮೆ 16 ನಗ ಎಂದಿದ್ದದ್ದು 76 ಆಗಿ ಬಂದಿತ್ತು. ಅದನ್ನು ಹಿಡಿದದ್ದು ನನ್ನ ಕಣ್ಣಲ್ಲ. ಪ್ರತಿ ಸಾಲಿನ ನಗವನ್ನು ದರದಿಂದ ಗುಣಿಸಿ, ಎಲ್ಲವನ್ನೂ ಕೂಡಿ, ಬಿಲ್ಲಿನ ಕೆಳಗೆ ಬರೆದ ಮೊತ್ತದೊಂದಿಗೆ ಹೋಲಿಸುವ ಸೂತ್ರವನ್ನು ಸ್ಪ್ರೆಡ್‌ಶೀಟಿನಲ್ಲಿ ಹಾಕಿಟ್ಟಿದ್ದೆ. ಮೊತ್ತ ಹೊಂದದ ಬಿಲ್ಲು ಕೆಂಪಾಗಿ ನಿಂತಿತು. ಓದುವ ಕೆಲಸವನ್ನು ಒಂದು ಯಂತ್ರಕ್ಕೂ ಕೂಡುವ ಕೆಲಸವನ್ನು ಇನ್ನೊಂದಕ್ಕೂ ಕೊಟ್ಟದ್ದರಿಂದಲೇ ಆ ತಪ್ಪು ಸಿಕ್ಕಿತು. ಚಿತ್ರ ಓದಿದ ಚಾಟ್‌ಬಾಟನ್ನೇ ‘ಮೊತ್ತ ಸರಿಯಿದೆಯೇ’ ಎಂದು ಕೇಳಿ, ‘ಸರಿಯಿದೆ’ ಎಂಬ ಉತ್ತರವನ್ನು ನಂಬಿ ಕೂರುವವರನ್ನು ಕಂಡಿದ್ದೇನೆ. ಅದು ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತೆ.

ಕೂಡುವುದು ಕಳೆಯುವುದಕ್ಕೆ ನಮಗೆ ಒಳ್ಳೆಯ ಸಾಧನ ಬಂದು ಬಹಳ ಕಾಲವಾಯಿತು. ಸಣ್ಣ ಕಂಪ್ಯೂಟರುಗಳಿಗಾಗಿ ವಿಸಿಕ್ಯಾಲ್ಕ್ ಎಂಬ ಮೊದಲ ಸ್ಪ್ರೆಡ್‌ಶೀಟ್ ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಎಕ್ಸೆಲ್ಲಿನಂಥ ಅದರ ಸಂತತಿಯಲ್ಲಿ ಇರುವ ತೊಡಕೆಂದರೆ ಸೂತ್ರ ಬರೆಯಲು ಬಾರದವರಿಗೆ ಅದು ಬರೀ ಗೆರೆ ಎಳೆದ ಕಾಗದವಾಗಿ ಉಳಿಯುವುದು, ಮತ್ತು ಸಣ್ಣ ಉದ್ದಿಮೆಗಳಲ್ಲಿ ಹೆಚ್ಚಿನವರ ಪಾಲಿಗೆ ಅದು ಹಾಗೆಯೇ ಉಳಿದಿದೆ. ಇಲ್ಲಿ ಭಾಷಾ ಮಾದರಿ ನಿಜಕ್ಕೂ ಉಪಕಾರಿ. ‘ಎ ಕಾಲಮ್ಮಿನಲ್ಲಿ ಬಿಲ್ಲಿನ ತಾರೀಖಿದೆ, ಡಿ ಕಾಲಮ್ಮಿನಲ್ಲಿ ಬಾಕಿ ಇದೆ, 30 ದಿನ, 60 ದಿನ, 90 ದಿನ ಮೀರಿದ ಬಾಕಿಗಳನ್ನು ಬೇರೆ ಬೇರೆ ಕೂಡಿ ತೋರಿಸುವ ಸೂತ್ರ ಬೇಕು’ ಎಂದು ಆಡುವ ಮಾತಿನಲ್ಲಿ ಕೇಳಿದರೆ ಸೂತ್ರ ಸಿಗುತ್ತದೆ. ಕೈಯಲ್ಲಿ ಕೂಡಿಟ್ಟುಕೊಂಡ ಹತ್ತು ಬಿಲ್ಲುಗಳ ಮೇಲೆ ಅದನ್ನು ಒಮ್ಮೆ ಪರೀಕ್ಷಿಸಿದರೆ ಸಾಕು, ಆಮೇಲೆ ಪ್ರತಿ ತಿಂಗಳೂ ಅದೇ ಸೂತ್ರ ನಡೆಯುತ್ತದೆ, ಪ್ರತಿ ತಿಂಗಳೂ ಯಂತ್ರದ ಮಾತನ್ನು ನಂಬಬೇಕಾದ ಪ್ರಮೇಯ ಬರುವುದಿಲ್ಲ.

ಗಿರಾಕಿಗಳ ಪ್ರಶ್ನೆಗಳಿಗೆ ತಾನೇ ಉತ್ತರಿಸುವ ಚಾಟ್‌ಬಾಟನ್ನು ಕೂರಿಸಿಕೊಳ್ಳಿ ಎಂದು ಮಾರಾಟಗಾರರು ಎಲ್ಲಕ್ಕಿಂತ ಹೆಚ್ಚು ಒತ್ತಾಯಿಸುತ್ತಾರೆ. ನಾನು ಎಲ್ಲಕ್ಕಿಂತ ಹೆಚ್ಚು ಹಿಂಜರಿಯುವುದು ಅಲ್ಲಿಯೇ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನ್ಯಾಯಮಂಡಳಿಯೊಂದು 2024ರ ಫೆಬ್ರವರಿಯಲ್ಲಿ ಕೊಟ್ಟ ತೀರ್ಪನ್ನು ಪ್ರತಿ ಉದ್ಯಮಿಯೂ ತಿಳಿದಿರಬೇಕು. ಮನೆಯಲ್ಲಿ ಸಾವಾದಾಗ ಕೊಡುವ ರಿಯಾಯಿತಿ ದರಕ್ಕೆ ಪ್ರಯಾಣ ಮುಗಿದ ಮೇಲೂ ಅರ್ಜಿ ಹಾಕಬಹುದು ಎಂದು ಏರ್ ಕೆನಡಾ ವಿಮಾನ ಕಂಪನಿಯ ಚಾಟ್‌ಬಾಟ್ ಒಬ್ಬ ಪ್ರಯಾಣಿಕರಿಗೆ ಹೇಳಿತ್ತು. ಕಂಪನಿಯ ನಿಯಮದಲ್ಲಿ ಅದಕ್ಕೆ ಅವಕಾಶ ಇರಲಿಲ್ಲ. ಚಾಟ್‌ಬಾಟ್ ಆಡಿದ ಮಾತಿಗೆ ತಾನು ಹೊಣೆಯಲ್ಲ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿದಾಗ, ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ಕಂಪನಿಯೇ ಹೊಣೆ ಎಂದು ಮಂಡಳಿ ವ್ಯತ್ಯಾಸದ ಹಣ ಕೊಡಿಸಿತು. ವಿಮಾನ ಕಂಪನಿಗೆ ಆ ಹಣ ಲೆಕ್ಕಕ್ಕಿಲ್ಲದ್ದು. ಇಲ್ಲದ ರಿಯಾಯಿತಿಯನ್ನೋ ಕೊಡಲಾಗದ ಗಡುವನ್ನೋ ಯಂತ್ರ ನಮ್ಮ ಹೆಸರಿನಲ್ಲಿ ಹತ್ತು ಜನರಿಗೆ ಮಾತು ಕೊಟ್ಟರೆ, ಸಣ್ಣ ಉದ್ದಿಮೆಯೊಂದರ ಒಂದು ತಿಂಗಳ ದುಡಿಮೆ ಅದನ್ನು ಉಳಿಸಿಕೊಳ್ಳುವುದರಲ್ಲೇ ಹೋದೀತು.

ಅದೇ ಯಂತ್ರ ಉತ್ತರದ ಕರಡನ್ನು ಸಿಬ್ಬಂದಿಯ ಮುಂದಿಟ್ಟು, ಸಿಬ್ಬಂದಿ ಓದಿ ಕಳಿಸುವ ಏರ್ಪಾಡಾದರೆ ಮಾತು ಬೇರೆ. ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳ ಸಂಶೋಧಕರು 2023ರಲ್ಲಿ ಹೊರತಂದ ಅಧ್ಯಯನವೊಂದು ಗ್ರಾಹಕ ಸೇವೆಯ 5,179 ನೌಕರರ ಕೆಲಸವನ್ನು ಪರಿಶೀಲಿಸಿತು. ಯಂತ್ರದ ಸಲಹೆ ಎದುರಿಗಿದ್ದಾಗ ಅವರು ಗಂಟೆಯೊಂದರಲ್ಲಿ ಬಗೆಹರಿಸಿದ ಪ್ರಶ್ನೆಗಳು ಸರಾಸರಿ ಶೇ 14ರಷ್ಟು ಹೆಚ್ಚಿದವು. ಹೊಸಬರಲ್ಲಿ ಈ ಹೆಚ್ಚಳ ಶೇ 34 ಇತ್ತು, ಪಳಗಿದವರಲ್ಲಿ ಅತ್ಯಲ್ಪ. ಹೊಸದಾಗಿ ಸೇರಿದವರಿಗೆ ಕೂತು ಕಲಿಸುವಷ್ಟು ಪುರಸೊತ್ತು ಯಾರಿಗೂ ಇಲ್ಲದ ಕಡೆ ಇದು ಸಣ್ಣ ಲಾಭವಲ್ಲ. ಆದರೆ ಸಲಹೆ ಕೊಡಲು ಅದಕ್ಕೆ ನಮ್ಮ ನಿಯಮಗಳು ಗೊತ್ತಿರಬೇಕು: ಮಾಲು ಹಿಂದಿರುಗಿಸಲು ಎಷ್ಟು ದಿನ, ಮುಂಗಡ ಎಷ್ಟು, ಸಾಗಣೆಯ ಖರ್ಚು ಯಾರದು. ಇವನ್ನು ಎರಡು ಪುಟದಲ್ಲಿ ಬರೆದು ಅದರ ಮುಂದಿಡಬೇಕಾಗುತ್ತದೆ. ಬರೆಯಲು ಕುಳಿತಾಗ ಹೆಚ್ಚಿನ ಮಾಲೀಕರಿಗೆ ತಿಳಿಯುವುದೇನೆಂದರೆ, ಅಂಥ ನಿಯಮಗಳು ಅವರ ತಲೆಯಲ್ಲಿ ಮಾತ್ರ ಇದ್ದವು, ಅಲ್ಲಿಯೂ ದಿನಕ್ಕೊಂದು ಬಗೆಯಾಗಿದ್ದವು ಎಂಬುದು. ಆ ಎರಡು ಪುಟಗಳನ್ನು ಬರೆದದ್ದೇ ಎಐಯಿಂದ ತಮಗಾದ ದೊಡ್ಡ ಉಪಕಾರ ಎಂದು ಒಬ್ಬರು ನಗುತ್ತ ಹೇಳಿದ್ದುಂಟು.

ಮುಂದಿನ ತಿಂಗಳು ಎಷ್ಟು ಮಾಲು ಖರ್ಚಾಗುತ್ತದೆ, ಎಷ್ಟು ದಾಸ್ತಾನು ತರಿಸಬೇಕು ಎಂಬುದನ್ನು ಎಐ ಹೇಳಿಬಿಡುತ್ತದೆ ಎಂಬ ಜಾಹೀರಾತುಗಳ ಬಗ್ಗೆ ನನಗೆ ಅಷ್ಟಾಗಿ ವಿಶ್ವಾಸವಿಲ್ಲ. ಮುನ್ನಂದಾಜು ಮಾಡುವ ತಂತ್ರಗಳಿಗೆ ಹೇರಳವಾದ ಹಿಂದಿನ ಲೆಕ್ಕ ಬೇಕು, ಸಣ್ಣ ಉದ್ದಿಮೆಯ ಬಳಿ ಅದು ಇರುವುದಿಲ್ಲ. ಬೇಕಾದಷ್ಟು ಮಾಹಿತಿ ಇದ್ದ ಅಮೆರಿಕದ ಜಿಲೋ ಕಂಪನಿಯೇ, ಮನೆಗಳ ಬೆಲೆಯನ್ನು ಗಣಕದ ಅಂದಾಜಿನಿಂದ ಹೇಳಿ ಕೊಳ್ಳುತ್ತಿದ್ದ ತನ್ನ ವ್ಯವಹಾರವನ್ನು, ಬೆಲೆಗಳನ್ನು ಸರಿಯಾಗಿ ಊಹಿಸಲಾಗುತ್ತಿಲ್ಲ ಎಂದು ಒಪ್ಪಿಕೊಂಡು 2021ರ ನವೆಂಬರಿನಲ್ಲಿ ಮುಚ್ಚುವ ತೀರ್ಮಾನ ಪ್ರಕಟಿಸಿತು. ಒಂದು ಸಲಕ್ಕೆ ಎಷ್ಟು ತರಿಸಿದರೆ ಲಾಭಕರ ಎಂಬುದಕ್ಕೆ 1913ರಲ್ಲೇ ಫೋರ್ಡ್ ಹ್ಯಾರಿಸ್ ಎಂಬ ಎಂಜಿನಿಯರ್ ಒಂದು ಸೂತ್ರ ಕೊಟ್ಟಿದ್ದಾರೆ: ವರ್ಷದ ಬೇಡಿಕೆಯನ್ನು ಒಂದು ಸಲ ತರಿಸುವ ಖರ್ಚಿನಿಂದ ಗುಣಿಸಿ, ಇಮ್ಮಡಿಸಿ, ಒಂದು ನಗವನ್ನು ವರ್ಷವಿಡೀ ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿ, ವರ್ಗಮೂಲ ತೆಗೆಯುವುದು. ಚಾಟ್‌ಬಾಟನ್ನು ‘ಎಷ್ಟು ತರಿಸಲಿ’ ಎಂದು ಕೇಳುವ ಬದಲು ಈ ಸೂತ್ರವನ್ನು ನಮ್ಮ ಅಂಕಿಗಳೊಡನೆ ಸ್ಪ್ರೆಡ್‌ಶೀಟಿಗೆ ಹಾಕಿಸಿಕೊಂಡರೆ, ಉತ್ತರ ಯಾಕೆ ಹಾಗೆ ಬಂತು ಎಂಬುದಾದರೂ ಗೊತ್ತಿರುತ್ತದೆ.

ಗುಟ್ಟಿನ ವಿಚಾರವನ್ನೂ ಹೇಳಬೇಕು. 2023ರಲ್ಲಿ ಸ್ಯಾಮ್ಸಂಗ್ ಕಂಪನಿಯ ಎಂಜಿನಿಯರುಗಳು ಒಳಗಿನ ತಂತ್ರಾಂಶದ ಸಾಲುಗಳನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಕಂಪನಿ ಅಂಥ ಸಾಧನಗಳ ಬಳಕೆಗೆ ತಡೆ ಹಾಕಿತು. ಗಿರಾಕಿಗಳ ಹೆಸರು, ಫೋನು, ಬಾಕಿ ಇರುವ ಇಡೀ ಖಾತೆಯನ್ನು ಉಚಿತ ಚಾಟ್‌ಬಾಟಿಗೆ ಸುರಿಯುವುದೂ ಅದೇ ಬಗೆಯ ತಪ್ಪು. ಹೆಸರಿನ ಜಾಗದಲ್ಲಿ ‘ಗಿರಾಕಿ 1’, ‘ಗಿರಾಕಿ 2’ ಎಂದು ಹಾಕಿ ಕೊಟ್ಟರೂ ಪತ್ರದ ಕರಡು ಅಷ್ಟೇ ಚೆನ್ನಾಗಿ ಬರುತ್ತದೆ. ತಮ್ಮ ಸಂಭಾಷಣೆಗಳನ್ನು ಮಾದರಿಯ ತರಬೇತಿಗೆ ಬಳಸದಂತೆ ತಡೆಯುವ ಆಯ್ಕೆ ಹಲವು ಸಾಧನಗಳ ಸೆಟ್ಟಿಂಗ್ಸ್‌ನಲ್ಲಿದೆ; ಅದನ್ನು ಮೊದಲ ದಿನವೇ ಹುಡುಕಿ ಇಟ್ಟುಕೊಳ್ಳುವುದು ಒಳ್ಳೆಯದು. ಗಿರಾಕಿಗಳ ಹೆಸರಿನಲ್ಲಿ ಸುಳ್ಳು ವಿಮರ್ಶೆ ಬರೆಸಿ ಹಾಕುವ ಸಲಹೆ ಕೊಡುವವರೂ ಇದ್ದಾರೆ. ಅದು ಶುದ್ಧ ಮೋಸ, ಅಮೆರಿಕದಲ್ಲಂತೂ ಎಐ ಬರೆದ ಸುಳ್ಳು ವಿಮರ್ಶೆಗಳನ್ನೂ ಒಳಗೊಂಡ ನಿಷೇಧ 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ.

ಬರಹಕ್ಕಿಂತ ಮಾತು ಸಲೀಸಾದವರಿಗೆ ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶಗಳು ಒದಗುತ್ತವೆ. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿದ ವಿಸ್ಪರ್ ಎಂಬುದನ್ನು ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಲ್ಲೇ ನಡೆಸಬಹುದು, ಧ್ವನಿ ಹೊರಗೆ ಹೋಗುವ ಭಯವಿಲ್ಲ. ಅಂತರಜಾಲದಲ್ಲಿ ಬರಹ ಕಡಿಮೆ ಇರುವ ಭಾಷೆಗಳಲ್ಲಿ ಇಂಥವುಗಳ ತಪ್ಪು ಹೆಚ್ಚು, ಪತ್ರದ ಕರಡುಗಳೂ ಪಠ್ಯಪುಸ್ತಕದ ಭಾಷೆಯಲ್ಲಿ ಬರುತ್ತವೆ. ಹಾಗಾಗಿ ನಾವೇ ಹಿಂದೆ ಬರೆದ ಎರಡು ಮೂರು ಪತ್ರಗಳನ್ನು ಮಾದರಿಯಾಗಿ ಕೊಟ್ಟು ‘ಈ ಧಾಟಿಯಲ್ಲಿ’ ಎಂದು ಹೇಳಿದರೆ ಕೆಲಸ ಕೂಡುತ್ತದೆ.

ಇಷ್ಟೆಲ್ಲ ಆದ ಮೇಲೂ ಹೊತ್ತು ನಿಜಕ್ಕೂ ಉಳಿಯಿತೇ ಎಂಬುದನ್ನು ಗಡಿಯಾರ ನೋಡಿಯೇ ತಿಳಿಯಬೇಕು, ಅನಿಸಿಕೆಯನ್ನು ನೆಚ್ಚಬಾರದು. ಮೀಟರ್ ಎಂಬ ಸಂಶೋಧನಾ ಸಂಸ್ಥೆ 2025ರಲ್ಲಿ 16 ಮಂದಿ ಅನುಭವಿ ತಂತ್ರಾಂಶ ರಚನಕಾರರನ್ನು ಪರೀಕ್ಷಿಸಿದಾಗ, ಎಐ ಬಳಸಿದ ಕೆಲಸಗಳಿಗೆ ಅವರು ಶೇ 19ರಷ್ಟು ಹೆಚ್ಚು ಸಮಯ ತೆಗೆದುಕೊಂಡಿದ್ದರು. ತಮಗೆ ಶೇ 20ರಷ್ಟು ಸಮಯ ಉಳಿಯಿತೆಂದು ಅವರೇ ನಂಬಿದ್ದರು. ಇದನ್ನು ಓದಿದ ಮೇಲೆ, ಮೇಲೆ ಹೇಳಿದ ವಸೂಲಿ ಪತ್ರದ ಉದ್ಯಮಿಯನ್ನು ಒಂದು ತಿಂಗಳು ಹೊತ್ತು ಬರೆದಿಡಲು ಕೇಳಿಕೊಂಡೆ. ವಾರದ ವಸೂಲಿ ಪತ್ರಗಳಿಗೆ ಹಿಡಿಯುತ್ತಿದ್ದ ಒಂದೂವರೆ ಗಂಟೆ 35 ನಿಮಿಷಕ್ಕೆ ಇಳಿದಿತ್ತು. ದರಪಟ್ಟಿಗಳಿಗೆ ಮಾತ್ರ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿದಿತ್ತು, ಏಕೆಂದರೆ ಪ್ರತಿ ಅಂಕಿಯನ್ನೂ ಮತ್ತೆ ಪುಸ್ತಕಕ್ಕೆ ಹೋಲಿಸಬೇಕಿತ್ತು. ಪತ್ರಗಳನ್ನು ಅವರು ಈಗಲೂ ಯಂತ್ರದಿಂದಲೇ ಬರೆಸುತ್ತಾರೆ, ದರಪಟ್ಟಿಗೆ ಹಳೆಯ ಮಾದರಿ ಹಾಳೆಯನ್ನೇ ಮತ್ತೆ ತೆಗೆದುಕೊಂಡಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಲೆಕ್ಕಪತ್ರ ಬರೆಯುವ ಒಬ್ಬ ಓದುಗ